ವಿಮಾನಕ್ಕೆ ದಾರಿ ಹೇಳುವುದು ಇನ್ನು ಕಂಪ್ಯೂಟರ್ ಮಾತ್ರವೇ? ಎಟಿಸಿ ಸಿಮ್ಯುಲೇಟರ್ ಮತ್ತು ‘ಆಟೊಮೇಷನ್’ ಬಗ್ಗೆ ತಿಳಿಯಬೇಕಾದದ್ದು

“ವಿಮಾನ ನಿಲ್ದಾಣದಲ್ಲಿ ಇನ್ನು ಮನುಷ್ಯರೇ ಇರಲ್ಲ, ಎಲ್ಲಾ ಆಟೊಮೇಷನ್”, “ಎಟಿಸಿ ಹ್ಯಾಕ್ ಆಗಿದೆ, ಯಾರೂ ವಿಮಾನ ಹತ್ತಬೇಡಿ”, “ಅಮೆರಿಕದಲ್ಲಿ ಇನ್ನೂ ಫ್ಲಾಪಿ ಹಾಕಿ ವಿಮಾನ ಓಡಿಸ್ತಾರೆ”. ವಿಮಾನಗಳು ತಡವಾದಾಗಲೆಲ್ಲ ಇಂಥ ಸಂದೇಶಗಳು ಅಪಾರ್ಟ್‌ಮೆಂಟ್ ಗ್ರೂಪಿನಿಂದ ಕುಟುಂಬದ ಗ್ರೂಪಿಗೆ ಹರಿದು ಬರುತ್ತವೆ. ಇವುಗಳಲ್ಲಿ ಸ್ವಲ್ಪ ನಿಜವಿದೆ, ಸಾಕಷ್ಟು ಗೊಂದಲವಿದೆ, ಕೆಲವು ಪೂರ್ತಿ ಸುಳ್ಳು. ಯಾವುದು ಯಾವುದೆಂದು ಗುರುತಿಸಲು ತೆರೆಯ ಹಿಂದೆ ನಡೆಯುವ ಒಂದು ಕೆಲಸವನ್ನು ತಿಳಿದುಕೊಂಡರೆ ಸಾಕು.

ಚುಟುಕಾಗಿ

• ವಿಮಾನಗಳಿಗೆ ಸೂಚನೆ ಕೊಡುವುದು ಇಂದಿಗೂ ಮನುಷ್ಯರೇ. ಕಂಪ್ಯೂಟರ್ ಅವರಿಗೆ ಮಾಹಿತಿ ತೋರಿಸುತ್ತದೆ, ಎಚ್ಚರಿಸುತ್ತದೆ.
• ಈ ಸಿಬ್ಬಂದಿ ತರಬೇತಿ ಪಡೆಯುವುದು ಸಿಮ್ಯುಲೇಟರ್‌ನಲ್ಲಿ, ಅಂದರೆ ನಕಲಿ ಆಕಾಶದಲ್ಲಿ.
• ಸಿಮ್ಯುಲೇಟರ್ ವಿಷಯದಲ್ಲಿ ‘ಇನ್‌ಫ್ರಾಸ್ಟ್ರಕ್ಚರ್ ಆಟೊಮೇಷನ್’ ಎಂದರೆ ವಿಮಾನವನ್ನು ತಾನೇ ಹಾರಿಸುವುದಲ್ಲ. ಸರ್ವರ್, ನೆಟ್‌ವರ್ಕ್, ಸಾಫ್ಟ್‌ವೇರ್‌ಗಳನ್ನು ಕೈಯಿಂದ ಜೋಡಿಸುವ ಬದಲು ಬರೆದಿಟ್ಟ ಕೋಡ್‌ನಿಂದ ಜೋಡಿಸುವುದು.
• ಆಟೊಮೇಷನ್ ತಪ್ಪನ್ನು ಕಡಿಮೆ ಮಾಡುತ್ತದೆ. ಆದರೆ ತಪ್ಪಾದರೆ ಅದನ್ನು ಬೇಗ, ಎಲ್ಲ ಕಡೆಗೂ ಹರಡುತ್ತದೆ.

ಎಟಿಸಿ ಏನು ಮಾಡುತ್ತದೆ?

ಎಟಿಸಿ ಎಂದರೆ ಏರ್ ಟ್ರಾಫಿಕ್ ಕಂಟ್ರೋಲ್, ಕನ್ನಡದಲ್ಲಿ ವಾಯು ಸಂಚಾರ ನಿಯಂತ್ರಣ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಆರಂಭವಾಯಿತು. ಅಲ್ಲಿಯವರೆಗೆ ನಾಗರಿಕ ವಿಮಾನಗಳು ಎಚ್‌ಎಎಲ್ ನಿಲ್ದಾಣದಿಂದ ಹಾರುತ್ತಿದ್ದವು. ಈಗಿನ ನಿಲ್ದಾಣದ ಕಟ್ಟಡ, ರನ್‌ವೇ ನಡೆಸುವುದು ಬಿಐಎಎಲ್ ಎಂಬ ಕಂಪನಿ. ಆದರೆ ಅಲ್ಲಿನ ವಾಯು ಸಂಚಾರ ನಿಯಂತ್ರಣ ಕೇಂದ್ರ ಸರ್ಕಾರದ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರದ್ದು, ಅಂದರೆ ಎಎಐನದ್ದು. ಈ ವ್ಯತ್ಯಾಸ ತಿಳಿಯದೆ ಎಷ್ಟೋ ಸಂದೇಶಗಳು ಯಾರದೋ ತಪ್ಪನ್ನು ಯಾರ ಮೇಲೋ ಹೊರಿಸುತ್ತವೆ.

ನಿಯಂತ್ರಕರ ಮುಖ್ಯ ಕೆಲಸ ವಿಮಾನಗಳ ನಡುವೆ ಅಂತರ ಕಾಯುವುದು. ರೇಡಾರ್ ವ್ಯಾಪ್ತಿಯ ಎತ್ತರದ ಮಾರ್ಗದಲ್ಲಿ ಸಾಮಾನ್ಯವಾಗಿ ಅಡ್ಡಲಾಗಿ 5 ನಾಟಿಕಲ್ ಮೈಲಿ, ಅಂದರೆ ಸುಮಾರು 9.3 ಕಿ.ಮೀ. ಅಥವಾ ಮೇಲೆ–ಕೆಳಗೆ 1,000 ಅಡಿ. ಕೇಳಲು ದೊಡ್ಡ ಅಂತರ ಅನಿಸುತ್ತದೆ. ಆದರೆ ಗಂಟೆಗೆ 850 ಕಿ.ಮೀ. ವೇಗದ ಎರಡು ವಿಮಾನಗಳು ಎದುರುಬದುರು ಬಂದರೆ ಆ 9.3 ಕಿ.ಮೀ. ಮುಗಿಯಲು ಸುಮಾರು 20 ಸೆಕೆಂಡ್ ಸಾಕು. ಜಯನಗರ 4ನೇ ಬ್ಲಾಕಿನ ಸಿಗ್ನಲ್‌ನಲ್ಲಿ ನಾವು ಕಾಯುವ ಸಮಯಕ್ಕಿಂತ ಕಡಿಮೆ.

ಈ ಅಂತರ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶ ಕಂಡಿದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಕಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತರು. ಆಕಾಶದಲ್ಲಿ ನಡೆದ ಡಿಕ್ಕಿಗಳಲ್ಲಿ ಇಂದಿಗೂ ಅದೇ ಅತ್ಯಂತ ಭೀಕರ. ಡಿಕ್ಕಿ ತಪ್ಪಿಸುವ ಉಪಕರಣ ವಿಮಾನದೊಳಗೆ ಇರಲೇಬೇಕೆಂಬ ನಿಯಮ ಭಾರತದಲ್ಲಿ ಬಂದದ್ದು ಆ ದುರಂತದ ನಂತರ.

ನಕಲಿ ಆಕಾಶ: ಸಿಮ್ಯುಲೇಟರ್ ಹೇಗಿರುತ್ತದೆ?

ಕಾರು ಕಲಿಯುವವರನ್ನು ಮೊದಲ ದಿನವೇ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಕಳಿಸುವುದಿಲ್ಲ. ಹಾಗೆಯೇ ಹೊಸ ನಿಯಂತ್ರಕರ ಕೈಗೆ ನಿಜವಾದ ವಿಮಾನಗಳನ್ನು ಕೊಡುವುದಿಲ್ಲ. ಎಎಐನ ತರಬೇತಿ ಕಾಲೇಜು ಪ್ರಯಾಗ್‌ರಾಜ್‌ನಲ್ಲಿದೆ, 1948ರಿಂದ ನಡೆಯುತ್ತಿದೆ. ಹೈದರಾಬಾದ್ ಮತ್ತು ಮಹಾರಾಷ್ಟ್ರದ ಗೊಂದಿಯಾದಲ್ಲೂ ತರಬೇತಿ ಕೇಂದ್ರಗಳಿವೆ.

ಸಿಮ್ಯುಲೇಟರ್‌ನಲ್ಲಿ ಎರಡು ಬಗೆ. ಒಂದು ಟವರ್ ಸಿಮ್ಯುಲೇಟರ್: ಸುತ್ತಲೂ ದೊಡ್ಡ ಪರದೆಗಳು, ಅವುಗಳಲ್ಲಿ ರನ್‌ವೇ, ಮಳೆ, ಮಂಜು, ರಾತ್ರಿಯ ದೀಪಗಳು. ಇನ್ನೊಂದು ರೇಡಾರ್ ಸಿಮ್ಯುಲೇಟರ್: ಕತ್ತಲೆ ಕೋಣೆ, ಪರದೆಯ ಮೇಲೆ ಚಲಿಸುವ ಚುಕ್ಕೆಗಳು. ಪಕ್ಕದ ಕೋಣೆಯಲ್ಲಿ ಕೂತವರು ಪೈಲಟ್‌ಗಳಂತೆ ಮಾತಾಡುತ್ತಾರೆ. ಇವರನ್ನು ‘ಸ್ಯೂಡೊ ಪೈಲಟ್’ ಎನ್ನುತ್ತಾರೆ. ಕಲಿಯುವವರು “ಎಡಕ್ಕೆ ತಿರುಗಿ, ಕೆಳಗಿಳಿಯಿರಿ” ಎಂದಾಗ ಅವರು ಕೀಲಿಮಣೆಯಲ್ಲಿ ಒತ್ತುತ್ತಾರೆ, ಚುಕ್ಕೆ ತಿರುಗುತ್ತದೆ. ಇಂಜಿನ್ ಕೆಟ್ಟ ವಿಮಾನ, ರೇಡಿಯೊ ಸತ್ತ ವಿಮಾನ, ಗುಡುಗು ಮೋಡದ ಸುತ್ತ ದಾರಿ ಕೇಳುವ ಹತ್ತು ವಿಮಾನಗಳು, ಎಲ್ಲವನ್ನೂ ಇಲ್ಲಿ ತಂದೊಡ್ಡಬಹುದು. ತಪ್ಪಾದರೆ ಯಾರೂ ಸಾಯುವುದಿಲ್ಲ, ಪಾಠ ಮತ್ತೆ ಶುರುವಾಗುತ್ತದೆ.

ತರಬೇತಿಯಷ್ಟೇ ಅಲ್ಲ, ಹೊಸ ನಿಯಮ, ಹೊಸ ರನ್‌ವೇ, ಹೊಸ ಮಾರ್ಗ ತರುವ ಮೊದಲೂ ಸಿಮ್ಯುಲೇಷನ್ ಬೇಕು. ಬೆಂಗಳೂರಿನ ಎರಡನೇ ರನ್‌ವೇ 2019ರ ಡಿಸೆಂಬರ್‌ನಲ್ಲಿ ಬಳಕೆಗೆ ಬಂತು. ಒಂದು ರನ್‌ವೇ ಎರಡಾದಾಗ ಇಳಿಯುವ, ಏರುವ, ನೆಲದ ಮೇಲೆ ದಾಟುವ ಎಲ್ಲ ಲೆಕ್ಕವೂ ಬದಲಾಗುತ್ತದೆ. ಅಂಥ ಬದಲಾವಣೆಯ ಎಡವಟ್ಟುಗಳು ನಿಜವಾದ ಆಕಾಶದಲ್ಲಿ ಕಾಣಿಸಿಕೊಳ್ಳಬಾರದು, ಪರದೆಯ ಮೇಲೆಯೇ ಕಾಣಿಸಬೇಕು.

ಹಾಗಾದರೆ ‘ಆಧುನೀಕರಣ’ ಏಕೆ?

ಸಿಮ್ಯುಲೇಟರ್ ಅಂದರೆ ಒಂದು ಕಂಪ್ಯೂಟರ್ ಅಲ್ಲ. ರೇಡಾರ್ ಚಿತ್ರ ತಯಾರಿಸುವ ಸರ್ವರ್, ಹಾರಾಟ ಯೋಜನೆಗಳ ಡೇಟಾಬೇಸ್, ಹವಾಮಾನ, ಧ್ವನಿ ಸಂಪರ್ಕ, ಪ್ರತಿ ಮೇಜಿನ ಪರದೆ, ಬೋಧಕರ ಮೇಜು, ಪಾಠ ರೆಕಾರ್ಡ್ ಮಾಡುವ ವ್ಯವಸ್ಥೆ, ಹೀಗೆ ಹತ್ತಾರು ಯಂತ್ರಗಳ ಕೂಟ. ಎಲ್ಲದರ ಗಡಿಯಾರ ಒಂದೇ ಸಮಯ ತೋರಿಸಬೇಕು. ಧ್ವನಿ ಅರ್ಧ ಸೆಕೆಂಡ್ ತಡವಾದರೂ ಅಭ್ಯಾಸ ಕೆಡುತ್ತದೆ.

ಇಂಥ ಕೂಟವನ್ನು ಹಲವು ವರ್ಷ ಕೈಯಿಂದ ರಿಪೇರಿ ಮಾಡುತ್ತಾ ಹೋದರೆ ಏನಾಗುತ್ತದೆ? 7ನೇ ಮೇಜಿಗೆ ಒಬ್ಬರು ಹೊಸ ಡ್ರೈವರ್ ಹಾಕಿದರು, 12ನೇ ಮೇಜಿಗೆ ಹಾಕಲಿಲ್ಲ. ಒಂದು ಸರ್ವರ್‌ನಲ್ಲಿ ತಾತ್ಕಾಲಿಕವಾಗಿ ಮಾಡಿದ ಬದಲಾವಣೆ ಶಾಶ್ವತವಾಯಿತು. ಅದನ್ನು ಮಾಡಿದವರು ನಿವೃತ್ತರಾದರು. ಈಗ ಒಂದೇ ಪಾಠ ಎರಡು ಮೇಜಿನಲ್ಲಿ ಎರಡು ರೀತಿ ನಡೆಯುತ್ತದೆ, ಏಕೆಂದು ಯಾರಿಗೂ ಗೊತ್ತಿಲ್ಲ.

ಇದಕ್ಕಿಂತ ಅಪಾಯ ಇನ್ನೊಂದಿದೆ. ನಿಜವಾದ ಎಟಿಸಿಯ ಸಾಫ್ಟ್‌ವೇರ್ ಬದಲಾಗಿ ಸಿಮ್ಯುಲೇಟರ್ ಹಳೆಯದರಲ್ಲೇ ಉಳಿದರೆ, ಕಲಿಯುವವರು ಇಲ್ಲದ ಗುಂಡಿಯನ್ನು ಒತ್ತಲು ಕಲಿಯುತ್ತಾರೆ. ತುರ್ತು ಗಳಿಗೆಯಲ್ಲಿ ಕೈ ಹೋಗುವುದು ಅಭ್ಯಾಸವಾದ ಕಡೆಗೇ. ತಪ್ಪು ಅಭ್ಯಾಸ ಕಲಿಸುವ ಸಿಮ್ಯುಲೇಟರ್‌ಗಿಂತ ಸಿಮ್ಯುಲೇಟರ್ ಇಲ್ಲದಿರುವುದೇ ಮೇಲು ಎನ್ನುವಷ್ಟು ಇದು ಗಂಭೀರ.

ಆಟೊಮೇಷನ್ ಎಂದರೆ ನಿಜಕ್ಕೂ ಏನು?

ಅಡುಗೆಮನೆಯ ಉದಾಹರಣೆ ನೋಡೋಣ. ಅಜ್ಜಿಯ ಹುಳಿಯ ರುಚಿ ಅವರ ಕೈಅಳತೆಯಲ್ಲಿದೆ. ಅವರು ಊರಿಗೆ ಹೋದರೆ ಆ ರುಚಿಯೂ ಹೋಗುತ್ತದೆ. ನಾಲ್ಕು ಶಾಖೆಗಳಿರುವ ದರ್ಶಿನಿಗೆ ಇದು ಆಗುವುದಿಲ್ಲ. ಅಲ್ಲಿ ಬೇಳೆ ಎಷ್ಟು, ಪುಡಿ ಎಷ್ಟು, ಎಷ್ಟು ಹೊತ್ತು ಎಂದು ಬರೆದಿಟ್ಟಿರಬೇಕು. ಆಗ ಬನಶಂಕರಿಯಲ್ಲೂ ಜೆ.ಪಿ. ನಗರದಲ್ಲೂ ಒಂದೇ ಸಾಂಬಾರ್.

ಇನ್‌ಫ್ರಾಸ್ಟ್ರಕ್ಚರ್ ಆಟೊಮೇಷನ್ ಎಂದರೆ ಕಂಪ್ಯೂಟರ್‌ಗಳಿಗೆ ಇಂಥ ‘ಬರೆದಿಟ್ಟ ಅಳತೆ’. ಯಾವ ಯಂತ್ರಕ್ಕೆ ಯಾವ ಆಪರೇಟಿಂಗ್ ಸಿಸ್ಟಂ, ಯಾವ ಆವೃತ್ತಿಯ ಸಾಫ್ಟ್‌ವೇರ್, ಯಾವ ನೆಟ್‌ವರ್ಕ್ ವಿಳಾಸ, ಯಾರಿಗೆ ಎಷ್ಟು ಅನುಮತಿ, ಎಲ್ಲವನ್ನೂ ಕಡತಗಳಲ್ಲಿ ಬರೆಯುತ್ತಾರೆ. ಆ್ಯನ್ಸಿಬಲ್, ಟೆರಾಫಾರ್ಮ್‌ನಂಥ ಸಲಕರಣೆಗಳು ಆ ಕಡತ ಓದಿ ಯಂತ್ರಗಳನ್ನು ಜೋಡಿಸುತ್ತವೆ. ಕಡತಗಳು ಗಿಟ್‌ನಂಥ ವ್ಯವಸ್ಥೆಯಲ್ಲಿರುತ್ತವೆ. ಯಾರು, ಯಾವಾಗ, ಏಕೆ ಬದಲಾಯಿಸಿದರು ಎಂಬುದು ದಾಖಲಾಗುತ್ತದೆ. ಹೊಸದು ಸರಿಹೋಗದಿದ್ದರೆ ಹಿಂದಿನ ಆವೃತ್ತಿಗೆ ಮರಳಬಹುದು.

ಇಲ್ಲಿ ಒಂದು ಜಾಣತನವಿದೆ. ಒಳ್ಳೆಯ ಆಟೊಮೇಷನ್ ಕೋಡ್ “ಉಪ್ಪು ಹಾಕು” ಎನ್ನುವುದಿಲ್ಲ, “ಉಪ್ಪು ಇಷ್ಟು ಇರಬೇಕು” ಎನ್ನುತ್ತದೆ. ಈಗಾಗಲೇ ಅಷ್ಟಿದ್ದರೆ ಏನೂ ಮಾಡುವುದಿಲ್ಲ. ಹಾಗಾಗಿ ಹತ್ತು ಸಲ ಓಡಿಸಿದರೂ ಅಡುಗೆ ಉಪ್ಪಾಗುವುದಿಲ್ಲ. ಬಿಟಿಎಂ ಲೇಔಟ್‌ನ ಪಿಜಿಗಳಲ್ಲಿರುವ ಎಷ್ಟೋ ಎಂಜಿನಿಯರ್‌ಗಳು ಬ್ಯಾಂಕ್ ಮತ್ತು ಶಾಪಿಂಗ್ ಆ್ಯಪ್‌ಗಳಿಗೆ ದಿನವೂ ಮಾಡುವುದು ಇದೇ ಕೆಲಸ.

ಆದರೆ ಸಿಮ್ಯುಲೇಟರ್ ವಿಷಯದಲ್ಲಿ ಕೆಲವು ಹೆಚ್ಚುವರಿ ತೊಡಕುಗಳಿವೆ. ಇಂಥ ಜಾಲಗಳನ್ನು ಸಾಮಾನ್ಯವಾಗಿ ಇಂಟರ್ನೆಟ್‌ನಿಂದ ಬೇರೆ ಇಡುತ್ತಾರೆ, ಹಾಗಾಗಿ ಅಪ್‌ಡೇಟ್‌ಗಳನ್ನು ಪರೀಕ್ಷಿಸಿ ಒಳಗೆ ಒಯ್ಯಬೇಕು. ಹಳೆಯ ಧ್ವನಿ ಉಪಕರಣಗಳು ಹೊಸ ಯಂತ್ರಕ್ಕೆ ಒಗ್ಗುವುದಿಲ್ಲ. ನಿಜವಾದ ಎಟಿಸಿ, ಪರೀಕ್ಷಾ ವ್ಯವಸ್ಥೆ, ತರಬೇತಿ ವ್ಯವಸ್ಥೆ ಮೂರೂ ಪ್ರತ್ಯೇಕವಾಗಿರಬೇಕು. ನಕಲಿ ಆಕಾಶದ ಚುಕ್ಕೆ ಅಪ್ಪಿತಪ್ಪಿಯೂ ನಿಜವಾದ ಪರದೆಗೆ ಹೋಗಬಾರದು. ಕಾರ್ಯಾಚರಣೆಯ ಎಟಿಸಿ ಸಾಫ್ಟ್‌ವೇರ್‌ಗಂತೂ ಡಿಒ–278ಎ ಎಂಬ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡವೇ ಇದೆ. ಪ್ರತಿ ಬದಲಾವಣೆಗೂ ಪುರಾವೆ ತೋರಿಸಬೇಕು.

ತಪ್ಪಾದಾಗ: ನಾಲ್ಕು ಪಾಠಗಳು

*1. ರಿಪೇರಿಯ ಸಮಯವೇ ಅಪಾಯದ ಸಮಯ.* 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗೆನ್ ಬಳಿ ಎರಡು ವಿಮಾನಗಳು ಡಿಕ್ಕಿಯಾಗಿ 71 ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಪ್ರವಾಸ ಹೊರಟಿದ್ದ ರಷ್ಯಾದ ಮಕ್ಕಳು. ಆ ರಾತ್ರಿ ಜ್ಯೂರಿಕ್‌ನ ನಿಯಂತ್ರಣ ಕೇಂದ್ರದಲ್ಲಿ ತಂತ್ರಜ್ಞರ ಕೆಲಸ ನಡೆಯುತ್ತಿತ್ತು. ಪರದೆಯ ಮೇಲಿನ ಡಿಕ್ಕಿ ಎಚ್ಚರಿಕೆ ಲಭ್ಯವಿರಲಿಲ್ಲ, ಮುಖ್ಯ ದೂರವಾಣಿಯೂ ಸ್ತಬ್ಧವಾಗಿತ್ತು. ಒಬ್ಬರೇ ನಿಯಂತ್ರಕರು ಎರಡು ಮೇಜು ನೋಡುತ್ತಿದ್ದರು. ಅಪಾಯ ಕಂಡ ಪಕ್ಕದ ಕೇಂದ್ರದವರು ಫೋನ್ ಮಾಡಿದರೂ ಸಿಗಲಿಲ್ಲ. ಕಾರಣಗಳು ಇನ್ನೂ ಇದ್ದವು. ಆದರೆ ‘ಸಿಸ್ಟಂ ಕೆಲಸ ನಡೆಯುತ್ತಿದೆ’ ಎಂಬುದರ ಪೂರ್ತಿ ಅರ್ಥ ಮೇಜಿನ ಮುಂದೆ ಕೂತವರಿಗೆ ತಲುಪಿರಲಿಲ್ಲ.

*2. ಬ್ಯಾಕಪ್ ಇದ್ದರೆ ಸಾಲದು.* 2023ರ ಆಗಸ್ಟ್ 28ರಂದು ಬ್ರಿಟನ್ನಿನ ಹಾರಾಟ ಯೋಜನೆ ವ್ಯವಸ್ಥೆ ನಿಂತುಹೋಗಿ 7 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರಿಗೆ ತೊಂದರೆಯಾಯಿತು. ಕಾರಣ ಹ್ಯಾಕರ್‌ಗಳಲ್ಲ. ಒಂದು ವಿಮಾನದ ಮಾರ್ಗದಲ್ಲಿ ಒಂದೇ ಹೆಸರಿನ ಎರಡು ಬಿಂದುಗಳಿದ್ದವು, ಒಂದು ಅಮೆರಿಕದಲ್ಲಿ, ಇನ್ನೊಂದು ಫ್ರಾನ್ಸ್‌ನಲ್ಲಿ. ಗೊಂದಲಕ್ಕೊಳಗಾದ ಮುಖ್ಯ ವ್ಯವಸ್ಥೆ ಸುರಕ್ಷತೆಗಾಗಿ ತಾನೇ ನಿಂತಿತು. ಬ್ಯಾಕಪ್ ವ್ಯವಸ್ಥೆ ಎದ್ದು, ಅದೇ ಯೋಜನೆಯನ್ನು ಅದೇ ರೀತಿ ಓದಿ, ಅದೂ ನಿಂತಿತು. ಎರಡೂ ನಿಲ್ಲಲು 20 ಸೆಕೆಂಡ್ ಕೂಡ ಬೇಕಾಗಲಿಲ್ಲ. ಒಂದೇ ಪಾಕವಿಧಾನದಿಂದ ಮಾಡಿದ ಎರಡು ಪಾತ್ರೆ ಸಾಂಬಾರ್‌ನಲ್ಲಿ ಒಂದು ಕೆಟ್ಟರೆ ಇನ್ನೊಂದೂ ಕೆಟ್ಟಂತೆ.

*3. ಕೈತಪ್ಪಿ ಅಳಿಸಿದ ಕಡತ.* 2023ರ ಜನವರಿ 11ರಂದು ಅಮೆರಿಕದಾದ್ಯಂತ ವಿಮಾನಗಳ ನಿರ್ಗಮನವನ್ನು ಕೆಲ ಹೊತ್ತು ತಡೆಹಿಡಿಯಲಾಯಿತು. ಪೈಲಟ್‌ಗಳಿಗೆ ಸೂಚನೆ ತಲುಪಿಸುವ ವ್ಯವಸ್ಥೆಯ ಮುಖ್ಯ ಡೇಟಾಬೇಸನ್ನು ಬ್ಯಾಕಪ್ ಜತೆ ಹೊಂದಿಸುವಾಗ ಗುತ್ತಿಗೆ ಸಿಬ್ಬಂದಿ ಉದ್ದೇಶವಿಲ್ಲದೆ ಕಡತ ಅಳಿಸಿದ್ದರು. ಆಟೊಮೇಷನ್ ಮತ್ತು ಪೂರ್ವಪರೀಕ್ಷೆ ಏಕೆ ಬೇಕು ಎಂಬುದಕ್ಕೆ ಇದು ಉತ್ತರ.

*4. ಒಂದೇ ಸಲ ಎಲ್ಲ ಕಡೆ.* 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ದೋಷಪೂರಿತ ಅಪ್‌ಡೇಟ್ ತಾನಾಗಿಯೇ ಹೋಗಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ಬೆಂಗಳೂರು ಸೇರಿದಂತೆ ದೇಶದ ಹಲವು ನಿಲ್ದಾಣಗಳಲ್ಲಿ ಚೆಕ್–ಇನ್ ತೊಂದರೆಗೊಳಗಾಯಿತು. ಕೈಬರಹದ ಬೋರ್ಡಿಂಗ್ ಪಾಸ್‌ನ ಚಿತ್ರಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ಇದು ಆಟೊಮೇಷನ್‌ನ ಇನ್ನೊಂದು ಮುಖ. ಹಾಗಾಗಿಯೇ ಜಾಗರೂಕ ತಂಡಗಳು ಹೊಸ ಆವೃತ್ತಿಯನ್ನು ಮೊದಲು ಪರೀಕ್ಷಾ ವ್ಯವಸ್ಥೆಗೆ, ಆಮೇಲೆ ಒಂದು ಮೇಜಿಗೆ, ಆಮೇಲಷ್ಟೇ ಉಳಿದವಕ್ಕೆ ಹಾಕುತ್ತವೆ.

ನಮ್ಮಲ್ಲೂ 2025ರ ನವೆಂಬರ್ ಮೊದಲ ವಾರ ದೆಹಲಿಯಲ್ಲಿ ಹಾರಾಟ ಯೋಜನೆಗಳ ಸಂದೇಶ ಸಾಗಿಸುವ ವ್ಯವಸ್ಥೆ ಕೈಕೊಟ್ಟು ನೂರಾರು ವಿಮಾನಗಳು ತಡವಾದವು. ಆಗ ನಿಯಂತ್ರಕರು ಯೋಜನೆಗಳನ್ನು ಕೈಯಿಂದಲೇ ನಿರ್ವಹಿಸಿದರು. ನಿಧಾನವಾಯಿತು, ಆದರೆ ನಡೆಯಿತು. ಯಂತ್ರ ನಿಂತಾಗ ಕೈಯಿಂದ ಮಾಡಲು ಬರಬೇಕಾದರೆ ಅದನ್ನೂ ಮೊದಲೇ ಅಭ್ಯಾಸ ಮಾಡಿರಬೇಕು. ಆ ಅಭ್ಯಾಸಕ್ಕೂ ಜಾಗ ಸಿಮ್ಯುಲೇಟರೇ.

ಹಳದಿ ಮೆಟ್ರೊ ಚಾಲಕರಿಲ್ಲದೆ ಓಡಬಲ್ಲದು, ವಿಮಾನ ಏಕಾಗದು?

ಆರ್.ವಿ. ರಸ್ತೆಯಿಂದ ರಾಗಿಗುಡ್ಡ, ಜಯದೇವ, ಬಿಟಿಎಂ ಲೇಔಟ್ ಮೂಲಕ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಅದರ ರೈಲುಗಳು ಚಾಲಕರಿಲ್ಲದೆ ಓಡುವ ಸಾಮರ್ಥ್ಯ ಹೊಂದಿವೆ. ಹಾಗಿದ್ದೂ ತಿಂಗಳುಗಟ್ಟಲೆ ಪರೀಕ್ಷೆ ನಡೆಯಿತು, ಸೇವೆ ಶುರುವಾದದ್ದು ಚಾಲಕರೊಂದಿಗೇ.

ರೈಲಿಗೆ ಒಂದು ಅನುಕೂಲವಿದೆ. ಅನುಮಾನ ಬಂದರೆ ನಿಲ್ಲಿಸಿಬಿಡಬಹುದು, ನಿಂತ ರೈಲು ಸುರಕ್ಷಿತ. ವಿಮಾನ ಆಕಾಶದಲ್ಲಿ ನಿಲ್ಲುವುದಿಲ್ಲ. ಇಂಧನ ಮುಗಿಯುತ್ತಾ ಇರುತ್ತದೆ, ಮೋಡ ಅಡ್ಡ ಬರುತ್ತದೆ, ಒಳಗೆ ಯಾರಿಗೋ ಎದೆನೋವು ಬರುತ್ತದೆ. ಬರೆದಿಡದ ಇಂಥ ಸಂದರ್ಭಗಳನ್ನು ನಿಭಾಯಿಸಲು ಮನುಷ್ಯರು ಬೇಕು. ಕೃತಕ ಬುದ್ಧಿಮತ್ತೆಗೆ ಈ ಕೆಲಸ ಕಲಿಸುವ ಸಂಶೋಧನೆ ನಡೆಯುತ್ತಿರುವುದು ನಿಜ. ಬ್ರಿಟನ್ನಿನ ‘ಪ್ರಾಜೆಕ್ಟ್ ಬ್ಲೂಬರ್ಡ್’ ಅಂಥದ್ದೊಂದು. ಆದರೆ ಅದೂ ಪ್ರಯೋಗ ಶುರುಮಾಡಿದ್ದು ಆಕಾಶದ ಡಿಜಿಟಲ್ ನಕಲಿನಲ್ಲೇ, ಅಂದರೆ ಸಿಮ್ಯುಲೇಟರ್‌ನಲ್ಲೇ.

ಬೆಂಗಳೂರಿಗೂ ಇದಕ್ಕೂ ಏನು ನಂಟು?

ನಂಟು ಗಟ್ಟಿಯಾಗಿದೆ. ಎಎಐ ಮತ್ತು ಇಸ್ರೊ ಸೇರಿ ರೂಪಿಸಿದ ‘ಗಗನ್’ ಉಪಗ್ರಹ ಮಾರ್ಗದರ್ಶನ ವ್ಯವಸ್ಥೆಯ ನಿಯಂತ್ರಣ ಕೇಂದ್ರ ಕುಂದಲಹಳ್ಳಿಯಲ್ಲಿದೆ. ರನ್‌ವೇ ಮೇಲೆ ಎಷ್ಟು ದೂರ ಕಾಣುತ್ತದೆಂದು ಅಳೆಯುವ ‘ದೃಷ್ಟಿ’ ಉಪಕರಣವನ್ನು ರೂಪಿಸಿದ್ದು ಬೆಂಗಳೂರಿನ ಎನ್‌ಎಎಲ್. ಸ್ವದೇಶಿ ವಾಯು ಸಂಚಾರ ನಿರ್ವಹಣಾ ವ್ಯವಸ್ಥೆ ಅಭಿವೃದ್ಧಿಪಡಿಸಲು 2021ರಲ್ಲಿ ಎಎಐ ಒಪ್ಪಂದ ಮಾಡಿಕೊಂಡದ್ದು ಬೆಂಗಳೂರಿನ ಬಿಇಎಲ್ ಜತೆ.

ದಕ್ಷಿಣ ಬೆಂಗಳೂರಿನವರಿಗೆ ಇನ್ನೂ ಹತ್ತಿರದ ವಿಷಯವಿದೆ. ಎರಡನೇ ವಿಮಾನ ನಿಲ್ದಾಣಕ್ಕಾಗಿ ರಾಜ್ಯ ಸರ್ಕಾರ ಕನಕಪುರ ರಸ್ತೆಯಲ್ಲಿ ಎರಡು, ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿ ಒಂದು ಜಾಗವನ್ನು ಗುರುತಿಸಿತು. 2025ರಲ್ಲಿ ಎಎಐ ತಂಡ ಬಂದು ನೋಡಿತು. “ನಿಲ್ದಾಣ ಇಲ್ಲೇ ಫಿಕ್ಸ್, ಸೈಟ್ ತಗೊಳ್ಳಿ” ಎಂಬ ಸಂದೇಶ ಬಂದರೆ ಒಂದು ವಿಷಯ ನೆನಪಿಡಿ. ಜಾಗ ಇದ್ದರಷ್ಟೇ ಸಾಲದು, ಆಕಾಶವೂ ಇರಬೇಕು. ಬೆಂಗಳೂರಿನ ಮೇಲೆ ಈಗಾಗಲೇ ದೇವನಹಳ್ಳಿ, ಎಚ್‌ಎಎಲ್, ಯಲಹಂಕ ವಾಯುನೆಲೆ, ಜಕ್ಕೂರುಗಳ ಹಾರಾಟಗಳಿವೆ. ಇನ್ನೊಂದು ಸೇರಿದರೆ ಮಾರ್ಗಗಳು ಎಲ್ಲಿ ಅಡ್ಡ ಹಾಯುತ್ತವೆ ಎಂಬುದನ್ನು ಲೆಕ್ಕ ಹಾಕುವುದೂ ಇಂಥ ಸಿಮ್ಯುಲೇಷನ್‌ಗಳೇ. ಜತೆಗೆ 150 ಕಿ.ಮೀ. ಒಳಗೆ ಮತ್ತೊಂದು ನಿಲ್ದಾಣ ಬರಬಾರದೆಂಬ ಒಪ್ಪಂದದ ಷರತ್ತು 2033ರವರೆಗಿದೆ.

ಫಾರ್ವರ್ಡ್ ಮತ್ತು ವಾಸ್ತವ

“ಅಮೆರಿಕದ ಎಟಿಸಿಯಲ್ಲಿ ಇನ್ನೂ ಫ್ಲಾಪಿ ಡಿಸ್ಕ್.” ಭಾಗಶಃ ನಿಜ. ಫ್ಲಾಪಿ ಡಿಸ್ಕ್ ಮತ್ತು ಕಾಗದದ ಪಟ್ಟಿಗಳನ್ನು ತೆಗೆದುಹಾಕುತ್ತೇವೆ ಎಂದು ಅಲ್ಲಿನ ವಿಮಾನಯಾನ ಆಡಳಿತದ ಮುಖ್ಯಸ್ಥರೇ 2025ರಲ್ಲಿ ಹೇಳಿದರು. ಹಾಗೆಂದು ಇಡೀ ವ್ಯವಸ್ಥೆ ಫ್ಲಾಪಿಯ ಮೇಲೆ ನಿಂತಿಲ್ಲ.

“ಸಿಸ್ಟಂ ಡೌನ್ ಆದರೆ ವಿಮಾನಗಳು ಬೀಳುತ್ತವೆ.” ಸುಳ್ಳು. ರೇಡಿಯೊ, ಬದಲಿ ವಿಧಾನ, ವಿಮಾನದೊಳಗಿನ ಡಿಕ್ಕಿ ತಡೆ ಉಪಕರಣ ಎಲ್ಲ ಇರುತ್ತವೆ. ನಿಯಂತ್ರಕರು ವಿಮಾನಗಳ ಸಂಖ್ಯೆ ಇಳಿಸುತ್ತಾರೆ. ನಿಮಗೆ ಆಗುವುದು ವಿಳಂಬ.

“ತಡವಾಯಿತೆಂದರೆ ಹ್ಯಾಕ್ ಆಗಿದೆ.” ಸೈಬರ್ ಅಪಾಯ ನಿಜವಾದದ್ದೇ. ಆದರೆ ಮೇಲಿನ ಬ್ರಿಟನ್, ಅಮೆರಿಕ, ಕ್ರೌಡ್‌ಸ್ಟ್ರೈಕ್ ಮೂರರಲ್ಲೂ ಕಾರಣ ತಾಂತ್ರಿಕ ದೋಷ ಅಥವಾ ಕೈತಪ್ಪು.

“ಹಣ ಕಟ್ಟಿದರೆ ಏರ್‌ಪೋರ್ಟ್ ಎಟಿಸಿ ಕೆಲಸ ಗ್ಯಾರಂಟಿ.” ಮೋಸ. ಎಟಿಸಿ ಜೂನಿಯರ್ ಎಕ್ಸಿಕ್ಯೂಟಿವ್ ಹುದ್ದೆಗೆ ಭೌತಶಾಸ್ತ್ರ–ಗಣಿತ ಇರುವ ಬಿ.ಎಸ್ಸಿ ಅಥವಾ ಎಂಜಿನಿಯರಿಂಗ್ ಪದವಿ ಬೇಕು. ಆನ್‌ಲೈನ್ ಪರೀಕ್ಷೆ, ಧ್ವನಿ ಪರೀಕ್ಷೆ, ಮಾನಸಿಕ ಮತ್ತು ವೈದ್ಯಕೀಯ ಪರೀಕ್ಷೆಗಳಿವೆ. ಎಎಐನ ಅಧಿಕೃತ ವೆಬ್‌ಸೈಟಿನಲ್ಲಿ ಪ್ರಕಟಣೆ ಇಲ್ಲದಿದ್ದರೆ ನಂಬಬೇಡಿ. ಅರ್ಜಿ ಶುಲ್ಕ ಬಿಟ್ಟು ಬೇರೆ ಹಣ ಕೇಳಿದರೆ ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಡಿ.

ಈ ಕ್ಷೇತ್ರದಲ್ಲಿ ಆಸಕ್ತಿ ಇರುವ ವಿದ್ಯಾರ್ಥಿಗಳಿಗೆ ಖರ್ಚಿಲ್ಲದ ದಾರಿಯೊಂದಿದೆ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ‘ಬ್ಲೂಸ್ಕೈ’ ಎಂಬ ವಾಯು ಸಂಚಾರ ಸಿಮ್ಯುಲೇಟರ್ ಉಚಿತ, ಮುಕ್ತ ತಂತ್ರಾಂಶ. ಪೈಥಾನ್ ಸ್ವಲ್ಪ ಗೊತ್ತಿದ್ದರೆ ಸಾಧಾರಣ ಲ್ಯಾಪ್‌ಟಾಪ್‌ನಲ್ಲೇ ಓಡಿಸಿ ನೋಡಬಹುದು.

ಹಂಚುವ ಮುನ್ನ

ವಿಮಾನ ತಡ ಎಂಬ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ. ಯಾವ ವ್ಯವಸ್ಥೆ ನಿಂತಿದೆ: ಎಟಿಸಿಯೇ, ವಿಮಾನ ಕಂಪನಿಯ ಚೆಕ್–ಇನ್ನೇ, ನಿಲ್ದಾಣದ್ದೇ? ಎಎಐ ಅಥವಾ ವಿಮಾನ ಕಂಪನಿ ತನ್ನ ಖಾತೆಯಲ್ಲಿ ಏನು ಹೇಳಿದೆ? ಸಂದೇಶದಲ್ಲಿ ದಿನಾಂಕ, ಊರು ಇದೆಯೇ? ಮೂರಕ್ಕೂ ಉತ್ತರ ಸಿಗದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ಇರಲಿ. ಬನಶಂಕರಿಯಿಂದ ವಾಯುವಜ್ರ ಬಸ್ ಹತ್ತುವ ಮೊದಲು ನಿಮ್ಮ ವಿಮಾನದ ಸ್ಥಿತಿಯನ್ನು ವಿಮಾನ ಕಂಪನಿಯ ಆ್ಯಪ್‌ನಲ್ಲಿ ನೋಡಿಕೊಳ್ಳಿ.